ಆಟಕ್ಕೆ ಯಾವ ಜಾಗ ಚೆಂದ?

ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟ ದಿನದಿಂದ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ದಿನದವರೆಗೆ ನಮ್ಮ ಊರುಗಳ ಬಸ್‌ಸ್ಟ್ಯಾಂಡಿನಲ್ಲಿ, ಹಾಲಿನ ಸೊಸೈಟಿಯಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ ಕೇಳಿಬರುವ ಪ್ರಶ್ನೆ ಒಂದೇ: "ಇವತ್ತು ಆಟ ಎಲ್ಲಿ?" ಯಾವ ಮೇಳ, ಯಾವ ಪ್ರಸಂಗ, ಭಾಗವತರು ಯಾರು ಎಂಬುದು ಆಮೇಲಿನ ಮಾತು. ಮೊದಲು ಜಾಗ. ಜಾಗದ ಹೆಸರು ಕಿವಿಗೆ ಬಿದ್ದೊಡನೆಯೇ ಕೇಳಿದವರ ಮುಖ ಅರಳುವುದೋ ಬಾಡುವುದೋ ನಿರ್ಣಯವಾಗಿಬಿಡುತ್ತದೆ. "ಓ, ಆ ಗದ್ದೆಯಲ್ಲಾ? ಹಾಗಾದರೆ ಹೋಗುವ" ಎನ್ನುವವರಿದ್ದಾರೆ. "ಆ ಹಾಲ್‌ನಲ್ಲಿಯಾ? ಬೇಡ ಮಾರಾಯ್ರೆ, ಮಲಗುವುದೇ ಒಳ್ಳೆಯದು" ಎನ್ನುವವರೂ ಇದ್ದಾರೆ. ವೇಷ ಅದೇ, ಹಾಡು ಅದೇ, ಚೆಂಡೆಯೂ ಅದೇ. ಆದರೂ ಒಂದು ಜಾಗದಲ್ಲಿ ಮೈನವಿರೇಳಿಸಿದ ಆಟ ಇನ್ನೊಂದು ಜಾಗದಲ್ಲಿ ಆಕಳಿಕೆ ತರಿಸುವುದೇಕೆ?

ಈ ಪ್ರಶ್ನೆ ನನ್ನ ತಲೆಯನ್ನು ಹೊಕ್ಕದ್ದು ನಮ್ಮೂರಿನಲ್ಲಲ್ಲ, ತೆಲಂಗಾಣದ ಗದ್ವಾಲದಲ್ಲಿ. ಕಳೆದ ಬೇಸಿಗೆ ರಜೆಯಲ್ಲಿ ನಾವು ಐದಾರು ಮಂದಿ ಶಿಕ್ಷಕಿಯರು ಮಂತ್ರಾಲಯಕ್ಕೆ ಹೋದವರು, ಅಷ್ಟು ದೂರ ಬಂದ ಮೇಲೆ ಗದ್ವಾಲದ ಸೀರೆ ನೋಡದೆ ಹೋಗುವುದು ಹೇಗೆಂದು ರಾಯಚೂರಿನಿಂದ ರೈಲು ಹತ್ತಿದೆವು. ಅಲ್ಲಿ ಸೀರೆ ಕೊಳ್ಳುವಾಗ ಸಿಕ್ಕ ಒಬ್ಬ ಅಜ್ಜಿ ನಮ್ಮ ಆಟದ ಬಗ್ಗೆ ಒಂದು ಮಾತು ಕೇಳಿದರು. ಆ ಮಾತನ್ನು ಕೊನೆಗೆ ಹೇಳುತ್ತೇನೆ. ಅದಕ್ಕಿಂತ ಮೊದಲು, ಚಿಕ್ಕಂದಿನಿಂದ ಆಟ ನೋಡುತ್ತಾ ಬಂದವಳಾಗಿ, ನಮ್ಮ ಜಾಗಗಳ ಗುಣದೋಷಗಳನ್ನು ಓದುಗರ ಮುಂದಿಡುತ್ತೇನೆ. ಒಪ್ಪದವರು ಜಗಳಕ್ಕೆ ಬರಲಿ. ಆಟದ ವಿಷಯದಲ್ಲಿ ಜಗಳವಾಡುವುದೂ ನಮ್ಮಲ್ಲಿ ಒಂದು ಸಂಪ್ರದಾಯವೇ ಅಲ್ಲವೇ?

ಇದು ನಮಗೆ ಮಾತ್ರ ಹಿಡಿದ ಹುಚ್ಚು ಎಂದು ತಿಳಿಯಬೇಡಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮನ ಮಗನಿಗೆ ಇಂಗ್ಲಿಷ್ ರಾಕ್ ಸಂಗೀತವೆಂದರೆ ಪ್ರಾಣ. ೨೦೦೭ರ ಮಾರ್ಚ್‌ನಲ್ಲಿ ಐರನ್ ಮೇಡನ್ ಎಂಬ ತಂಡವೂ ೨೦೧೧ರ ಅಕ್ಟೋಬರಿನಲ್ಲಿ ಮೆಟಾಲಿಕಾ ಎಂಬ ತಂಡವೂ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದುವು. ಅದೇ ಮೆಟಾಲಿಕಾ ಬೆಂಗಳೂರಿಗೆ ಬರುವ ಎರಡು ದಿನ ಮೊದಲು ದಿಲ್ಲಿಯ ಬಳಿಯ ಗುರುಗ್ರಾಮದಲ್ಲಿ ಹಾಡಬೇಕಾಗಿತ್ತು. ಅಲ್ಲಿ ಜನರನ್ನು ತಡೆಯುವ ಬೇಲಿಯೇ ನಿಲ್ಲದೆ ಕಾರ್ಯಕ್ರಮ ರದ್ದಾಯಿತು. ಯಾವ ಮೈದಾನದಲ್ಲಿ ಗಾಳಿ ಹಾಡನ್ನು ಹಾರಿಸಿಕೊಂಡು ಹೋಗುತ್ತದೆ, ಎಲ್ಲಿ ಹಿಂದೆ ನಿಂತವನಿಗೆ ಪರದೆಯ ಮೇಲಿನ ಚಿತ್ರ ಬಿಟ್ಟು ಬೇರೇನೂ ಕಾಣುವುದಿಲ್ಲ, ಎಲ್ಲಿ ನೀರಿಗೂ ಗತಿಯಿಲ್ಲ ಎಂದು ಹುಡುಗ ಗಂಟೆಗಟ್ಟಲೆ ಹೇಳಬಲ್ಲ. ಕೇಳುತ್ತಾ ಕೇಳುತ್ತಾ ನನಗೆ ನಗು ಬಂತು. ಮೇಳದ ಹೆಸರು ಬದಲಾದದ್ದು ಬಿಟ್ಟರೆ ಇದು ನಮ್ಮ ಬಸ್‌ಸ್ಟ್ಯಾಂಡಿನ ಮಾತೇ!

ಕೊಯ್ದ ಗದ್ದೆ

ನನ್ನ ಲೆಕ್ಕದಲ್ಲಿ ಮೊದಲ ಸ್ಥಾನ ಕೊಯ್ಲು ಮುಗಿದ ಗದ್ದೆಗೆ. ಇದು ಹಳೆಯದರ ಮೇಲಿನ ಮೋಹದ ಮಾತಲ್ಲ, ಅದಕ್ಕೆ ಕಾರಣಗಳಿವೆ.

ಗದ್ದೆಯ ನಡುವೆ ನಾಲ್ಕು ಕಂಬ ನೆಟ್ಟು, ಮಾವಿನ ಸೊಪ್ಪು ಕಟ್ಟಿ ಮಾಡಿದ ರಂಗಸ್ಥಳವು ನೆಲದ ಮಟ್ಟದಲ್ಲೇ ಇರುತ್ತದೆ, ಅಥವಾ ಒಂದು ಗೇಣು ಮೇಲಿರುತ್ತದೆ. ಪ್ರೇಕ್ಷಕರು ಮೂರು ಕಡೆಗಳಿಂದಲೂ ಸುತ್ತುವರಿದು ಕೂರುತ್ತಾರೆ. ಇದರಿಂದ ಆಗುವ ಲಾಭವನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ದನಿಯ ಬಲ ಆರು ಡೆಸಿಬೆಲ್‌ನಷ್ಟು ಕುಸಿಯುತ್ತದೆಂದು ವಿಜ್ಞಾನದ ಪುಸ್ತಕ ಹೇಳುತ್ತದೆ. ಐನೂರು ಮಂದಿ ಒಂದೇ ಕಡೆ ಸಾಲಾಗಿ ಕೂತರೆ ಕೊನೆಯ ಸಾಲು ಎಲ್ಲೋ ದೂರಕ್ಕೆ ಹೋಗುತ್ತದೆ. ಅದೇ ಐನೂರು ಮಂದಿ ಮೂರು ಕಡೆ ಹಂಚಿ ಕೂತರೆ ಎಲ್ಲರೂ ಹತ್ತಿರದವರೇ. ಗ್ರೀಸ್ ದೇಶದ ಎಪಿಡಾರಸ್ ಎಂಬಲ್ಲಿ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಕಟ್ಟಿದ ಬಯಲು ರಂಗಮಂದಿರವೂ ನಡುವಿನ ರಂಗವನ್ನು ಅರ್ಧಚಂದ್ರದ ಹಾಗೆ ಜನ ಸುತ್ತುವರಿಯುವಂತೆಯೇ ಇದೆ. ಮೈಕು ಇಲ್ಲದ ಕಾಲದಲ್ಲಿ ಸಾವಿರಾರು ಜನರಿಗೆ ನಟರ ಮಾತನ್ನು ಮುಟ್ಟಿಸಿದ ಜಾಗ ಅದು. ನಮ್ಮ ಹಿರಿಯರು ಗ್ರೀಸಿಗೆ ಹೋಗಿ ಕಲಿತವರಲ್ಲ, ಗ್ರೀಕರು ಕುಂಬಳೆಗೆ ಬಂದವರೂ ಅಲ್ಲ. ಬರಿಯ ಕಂಠದಿಂದ ಊರನ್ನೇ ಸೇರಿಸಬೇಕಾದವರಿಗೆ ಎಲ್ಲಿದ್ದರೂ ಒಂದೇ ಬುದ್ಧಿ ಹೊಳೆಯುತ್ತದೆ.

ಗದ್ದೆಯ ಇನ್ನೊಂದು ಗುಣ ರಾತ್ರಿಯ ತಂಪಿನಲ್ಲಿದೆ. ಹಗಲು ಕಾದ ನೆಲ ಇರುಳಿಗೆ ತಣಿದು, ನೆಲದ ಬಳಿಯ ಗಾಳಿ ತಂಪಾಗಿ, ಮೇಲಿನ ಗಾಳಿ ಬೆಚ್ಚಗಿದ್ದರೆ ದನಿ ಮೇಲಕ್ಕೆ ಹಾರಿಹೋಗದೆ ಕೆಳಕ್ಕೆ ಬಾಗಿ ನೆಲದುದ್ದಕ್ಕೂ ಸಾಗುತ್ತದೆ. ಗುಡ್ಡದಾಚೆಯ ಕೇಳಿಯ ಚೆಂಡೆ ನಮ್ಮ ಮನೆಯಂಗಳಕ್ಕೆ ಕೇಳಿಸುತ್ತಿದ್ದುದು ಅದಕ್ಕೇ. ಆ ಸದ್ದು ಕೇಳಿ ಅಮ್ಮ ಗಂಜಿ ಬೇಗನೆ ಬಡಿಸುತ್ತಿದ್ದರು. ಅಪ್ಪ ಚಾಪೆ ಸುತ್ತಿ ಹೆಗಲಿಗೇರಿಸುತ್ತಿದ್ದರು. ತೆಂಗಿನ ಸೂಟೆ ಬೀಸಿಕೊಂಡು ಕಟ್ಟಹುಣಿಯ ಮೇಲೆ ಸಾಲಾಗಿ ನಡೆದರೆ ಆಟ ಅಲ್ಲಿಂದಲೇ ಆರಂಭವಾದ ಹಾಗೆ.

ಮೂರನೆಯ ಗುಣ ನಿದ್ದೆ. ನಗಬೇಡಿ. ಪೂರ್ವರಂಗದಲ್ಲಿ ಬಾಲಗೋಪಾಲರು ಕುಣಿಯುವುದನ್ನು ನೋಡಿ ಮಗು ಚಾಪೆಯಲ್ಲಿ ಒರಗುತ್ತದೆ. ನಡುರಾತ್ರಿ ಹಾಸ್ಯಗಾರ ಬಂದಾಗ ಯಾರೋ ಅಲುಗಿಸಿ ಎಬ್ಬಿಸುತ್ತಾರೆ. ಮತ್ತೆ ನಿದ್ದೆ. ಬಣ್ಣದ ವೇಷದ ಅಬ್ಬರಕ್ಕೆ ಮತ್ತೆ ಎಚ್ಚರ. ಹೀಗೆ ಅರ್ಧ ನಿದ್ದೆ, ಅರ್ಧ ಎಚ್ಚರದಲ್ಲಿ ಕಿವಿಗೆ ಬಿದ್ದ ಮಾತು ಎಲ್ಲಿ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ. ನನ್ನ ತರಗತಿಯಲ್ಲಿ ತುಳು ಮನೆಮಾತಿನವರಿದ್ದಾರೆ, ಕೊಂಕಣಿಯವರಿದ್ದಾರೆ, ಮರಾಠಿಯವರಿದ್ದಾರೆ, ಮಲೆಯಾಳದವರೂ ಇದ್ದಾರೆ. ಕನ್ನಡ ಅವರಲ್ಲಿ ಹಲವರಿಗೆ ಶಾಲೆಯ ಭಾಷೆ ಮಾತ್ರ. ಒಮ್ಮೆ ವಿರಾಟನ ಗೋವುಗಳನ್ನು ಕೌರವರು ಸೆಳೆದ ಕತೆಯ ಪಾಠ ಮಾಡುವಾಗ, ಪರೀಕ್ಷೆಯಲ್ಲಿ ಎಂದೂ ಮುಂದಿರದ ಹುಡುಗನೊಬ್ಬ ಎದ್ದುನಿಂತು ಉತ್ತರಕುಮಾರನ ಜಂಬದ ಮಾತುಗಳನ್ನು ಉಸಿರು ಬಿಡದೆ ಒಪ್ಪಿಸಿದ. ಪುಸ್ತಕದಲ್ಲಿದ್ದ ಮಾತಲ್ಲ ಅದು. "ಎಲ್ಲಿ ಕಲಿತದ್ದು?" ಎಂದು ಕೇಳಿದೆ. "ಆಟದಲ್ಲಿ, ಟೀಚರ್" ಎಂದ. ಒಂದು ರಾತ್ರಿಯ ಗದ್ದೆ ಮಾಡಿದ ಕೆಲಸವನ್ನು ನಾನು ಒಂದು ತಿಂಗಳಿನಲ್ಲಿ ಮಾಡಲಾರೆ.

ದೇವಸ್ಥಾನದ ಅಂಗಳ, ಮನೆಯ ಚಾವಡಿ

ಎರಡನೆಯ ಸ್ಥಾನ ದೇವಸ್ಥಾನದ ಹೊರ ಅಂಗಳಕ್ಕೆ. ಯಕ್ಷಗಾನಕ್ಕೂ ದೇವಸ್ಥಾನಕ್ಕೂ ಇರುವ ನಂಟನ್ನು ಕುಂಬಳೆ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ತೆಂಕುತಿಟ್ಟಿನ ಪಿತಾಮಹನೆಂದು ನಾವು ಗೌರವಿಸುವ ಪಾರ್ತಿಸುಬ್ಬನು ಕಣಿಪುರದ ಕೃಷ್ಣನನ್ನು ನೆನೆದೇ ಪ್ರಸಂಗ ಕಟ್ಟಿದವನು. ಕೆಂಪುಕಲ್ಲಿನ ಗೋಡೆ ಒಂದು ಬದಿಗಿದ್ದು ಉಳಿದ ಕಡೆ ತೆರೆದಿರುವ ಅಂಗಳದಲ್ಲಿ ದನಿಗೆ ಹಿಂದಿನಿಂದ ಒಂದು ಆಸರೆ ಸಿಗುತ್ತದೆ. ಹತ್ತಿರದ ಗೋಡೆಗೆ ತಾಗಿ ಬೇಗನೆ ಮರಳುವ ದನಿ ಮೂಲದ ದನಿಯೊಂದಿಗೆ ಬೆರೆತು ಅದನ್ನು ತುಂಬಿಸುತ್ತದೆಯೇ ಹೊರತು ಕೆಡಿಸುವುದಿಲ್ಲ. ನೀರು, ದೀಪ, ಊಟ ಎಲ್ಲಕ್ಕೂ ಅಲ್ಲಿ ವ್ಯವಸ್ಥೆಯಿದೆ. ಜಾತ್ರೆಯ ದಿನ ಮಾತ್ರ ಅಲ್ಲಿಗೆ ಆಟಕ್ಕೆಂದು ಹೋಗುವುದು ಬೇಡ. ಒಂದು ಕಡೆ ಬೆಡಿ, ಇನ್ನೊಂದು ಕಡೆ ಬಲೂನಿನ ಪೀಪಿ, ಮತ್ತೊಂದು ಕಡೆ ಐಸ್‌ಕ್ರೀಮಿನ ಗಾಡಿ. ಇವುಗಳ ನಡುವೆ ಕರ್ಣ ಸತ್ತರೂ ಯಾರಿಗೂ ತಿಳಿಯುವುದಿಲ್ಲ.

ಮಾತಿನ ರುಚಿ ಬೇಕಾದವರಿಗೆ ತಾಳಮದ್ದಳೆಯೇ ಬೇಕು. ಅದಕ್ಕೆ ಮನೆಯ ಚಾವಡಿಯನ್ನಾಗಲಿ ಮಠದ ಸಭೆಯನ್ನಾಗಲಿ ಮೀರಿಸುವ ಜಾಗವಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಯ ಹುಬ್ಬು ಏರಿದರೆ ಅದೇ ಯುದ್ಧ. ಶೇಣಿ ಗೋಪಾಲಕೃಷ್ಣ ಭಟ್ಟರ (೧೯೧೮–೨೦೦೬) ಅರ್ಥವನ್ನು ಹತ್ತಿರದಿಂದ ಕೇಳಿದ ಹಿರಿಯರು ಇಂದಿಗೂ ಅದನ್ನು ನೆನೆಯುವಾಗ ಸಭೆಯಲ್ಲಿ ತಾವು ಕೂತ ಮೂಲೆಯನ್ನೂ ಸೇರಿಸಿ ಹೇಳುತ್ತಾರೆ. ಎಡನೀರು ಮಠದ ಸಭೆಗಳಲ್ಲಿ ಕೂತು ಕೇಳಿದವರದ್ದೂ ಅದೇ ಅನುಭವ. ೧೯೭೩ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಹೆಸರು ದೇಶಕ್ಕೆಲ್ಲ ಪರಿಚಿತವಾದ ಕೇಶವಾನಂದ ಭಾರತೀ ಸ್ವಾಮಿಗಳು (ನಿಧನ ೨೦೨೦) ನಮಗೆ ಅದಕ್ಕಿಂತ ಹೆಚ್ಚಾಗಿ ಭಾಗವತಿಕೆ ಬಲ್ಲ ಕಲಾಪೋಷಕರಾಗಿ ನೆನಪಾಗುತ್ತಾರೆ. ಕಲೆ ಬಲ್ಲವರು ಇದ್ದಲ್ಲಿ ಜಾಗ ತಾನಾಗಿಯೇ ಒಳ್ಳೆಯದಾಗುತ್ತದೆ.

ಮಳೆಗಾಲದಲ್ಲಿ ಮನೆಮನೆಗೆ ಬರುವ ಚಿಕ್ಕಮೇಳವನ್ನೂ ಇಲ್ಲಿ ನೆನೆಯಬೇಕು. ಎರಡು ವೇಷ, ನಾಲ್ಕು ಮಂದಿ ಹಿಮ್ಮೇಳ, ಹತ್ತು ಹದಿನೈದು ನಿಮಿಷದ ಒಂದು ತುಣುಕು. ವೇಷದ ಬೆವರು ಕಾಣುವಷ್ಟು ಹತ್ತಿರ. ನಮ್ಮ ಮನೆಯ ಸಣ್ಣ ಮಗು ಮೊದಲು ಹೆದರಿ ಸೆರಗಿನ ಹಿಂದೆ ಅಡಗಿತು, ಆಮೇಲೆ ಮೆಲ್ಲನೆ ಹೋಗಿ ಗೆಜ್ಜೆ ಮುಟ್ಟಿ ನೋಡಿತು. ಆ ಮಗು ಇನ್ನು ಆಟವನ್ನು ಬಿಡುವುದುಂಟೇ?

ಡೇರೆಯ ದಿನಗಳು

ನನ್ನ ವಯಸ್ಸಿನವರಿಗೆ ಟೆಂಟಿನ ಆಟದ ನೆನಪು ಇದ್ದೇ ಇದೆ. ಟಿಕೇಟು ಕೊಟ್ಟು ಒಳಹೋಗಬೇಕು. ಮುಂದೆ ಈಸಿಚೇರು, ಅದರ ಹಿಂದೆ ಕುರ್ಚಿ, ಆಮೇಲೆ ಬೆಂಚು, ಬಡವರಿಗೆ ನೆಲ. ಡೇರೆಯ ಬಟ್ಟೆ ದನಿಯನ್ನು ಹೀರಿಕೊಳ್ಳುವುದರಿಂದ ಒಳಗೆ ಪ್ರತಿಧ್ವನಿಯ ಕಾಟವಿರಲಿಲ್ಲ. ಬಯಲಿನಷ್ಟು ಚಳಿಯೂ ಇರಲಿಲ್ಲ. ಆದರೆ ರಂಗಸ್ಥಳ ಎತ್ತರವಾಯಿತು, ಬೆಳಕು ಬಣ್ಣ ಬಣ್ಣದ್ದಾಯಿತು, ಪ್ರೇಕ್ಷಕರು ಎದುರಿಗೆ ಮಾತ್ರ ಕೂರುವಂತಾಯಿತು. ಹಣವಿದ್ದವರು ಮುಂದೆ, ಇಲ್ಲದವರು ಹಿಂದೆ ಎಂಬುದು ಆಟಕ್ಕೆ ಬಂದದ್ದೂ ಆಗಲೇ. ಹರಕೆಯ ಆಟದಲ್ಲಿ ಯಾರು ಮೊದಲು ಬಂದು ಚಾಪೆ ಹಾಸಿದರೋ ಅವರೇ ದೊರೆಗಳು.

ಡೇರೆಯನ್ನು ನಾನು ದೂರುವುದಿಲ್ಲ. ಟಿಕೇಟಿನ ಹಣದಿಂದ ಮೇಳ ಬದುಕಿತು, ಕಲಾವಿದರ ಹೆಸರು ಊರೂರಿಗೆ ಹಬ್ಬಿತು. ಆದರೆ ನಮ್ಮ ಕಡೆ ಡೇರೆ ಕಡಿಮೆಯಾದದ್ದು ಕಂಡು ಅತ್ತವರನ್ನೂ ನಾನು ಕಂಡಿಲ್ಲ.

ಎಲ್ಲಕ್ಕಿಂತ ಕೆಟ್ಟ ಜಾಗ

ಈಗ ಬೈಯುವ ಭಾಗಕ್ಕೆ ಬರೋಣ. ನನ್ನ ಮಟ್ಟಿಗೆ ಆಟಕ್ಕೆ ಎಲ್ಲಕ್ಕಿಂತ ಕೆಟ್ಟ ಜಾಗವೆಂದರೆ ಮದುವೆಗಾಗಿ ಕಟ್ಟಿದ ದೊಡ್ಡ ಹಾಲ್. ಹೆಸರು ಬೇಡ, ಅಂಥವು ಊರಿಗೆ ಎರಡಿವೆ. ಮೇಲೆ ತಗಡಿನ ಮಾಡು, ಕೆಳಗೆ ನುಣುಪಾದ ಟೈಲ್ಸ್, ಸುತ್ತ ಬರಿಯ ಗೋಡೆ. ದನಿಗೆ ಇಳಿದು ಕೂರಲು ಎಲ್ಲಿಯೂ ಜಾಗವಿಲ್ಲ. ದನಿ ಒಂದು ಸೆಕೆಂಡಿಗೆ ಸುಮಾರು ೩೪೦ ಮೀಟರು ಓಡುತ್ತದೆ. ಎದುರಿನ ಗೋಡೆ ಹದಿನೇಳು ಮೀಟರಿಗಿಂತ ದೂರವಿದ್ದರೆ ಹೋಗಿ ಮರಳಿ ಬರುವ ದನಿ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ತಡವಾಗಿ ಬಂದು ಬೇರೆಯೇ ದನಿಯಾಗಿ ಕೇಳಿಸುತ್ತದೆ. ಒಂದು ಪೆಟ್ಟು ಹೊಡೆದರೆ ಎರಡು ಪೆಟ್ಟು ಕೇಳುವ ಹಾಲ್‌ನಲ್ಲಿ ಚೆಂಡೆಯ ಗತಿ ಏನಾದೀತು? ಭಾಗವತರ ಪದದ ಒಂದು ಸಾಲಿನ ಬಾಲ ಮುಂದಿನ ಸಾಲಿನ ತಲೆಯ ಮೇಲೆ ಬೀಳುತ್ತದೆ. ಮಾತು ತಿಳಿಯದೆಂದು ಮೈಕಿನವನು ದನಿ ಏರಿಸುತ್ತಾನೆ. ಏರಿಸಿದಷ್ಟೂ ಗೋಡೆ ಹೆಚ್ಚು ಮಾತಾಡುತ್ತದೆ.

ಅಂಥ ಒಂದು ಹಾಲ್‌ನಲ್ಲಿ ನಾನು ದೇವೀಮಹಾತ್ಮೆ ನೋಡಿದೆ. ಬಯಲಾಟದಲ್ಲಿ ಮಹಿಷಾಸುರ ಬರುವ ರೀತಿಯನ್ನು ನೋಡಿದವರು ಬಲ್ಲರು. ದೂರದ ಕತ್ತಲಿನಲ್ಲಿ ದೊಂದಿ ಹೊತ್ತಿಕೊಳ್ಳುತ್ತದೆ, ರಾಳದ ಹುಡಿ ಭಗ್ಗನೆ ಉರಿಯುತ್ತದೆ, ಜನ ಎದ್ದು ದಾರಿ ಬಿಡುತ್ತಾರೆ, ಕೋಣನ ಕೊಂಬಿನ ಆ ವೇಷ ಆರ್ಭಟಿಸುತ್ತ ನಮ್ಮ ನಡುವಿನಿಂದಲೇ ರಂಗಸ್ಥಳಕ್ಕೆ ನುಗ್ಗುತ್ತದೆ. ಮಕ್ಕಳು ಕಿರುಚುತ್ತಾರೆ; ಆ ಕಿರುಚಾಟವೂ ಆಟದ ಒಂದು ಅಂಗ. ಹಾಲ್‌ನಲ್ಲಿ ಬೆಂಕಿ ಕೂಡದು ಎಂದು ಬೋರ್ಡು. ಅದು ಸರಿಯೇ, ಬೇಡವೇ ಬೇಡ. ಮಹಿಷಾಸುರ ಪಾಪ ಪ್ಲಾಸ್ಟಿಕ್ ಕುರ್ಚಿಗಳ ಸಾಲುಗಳ ನಡುವೆ ಅಡ್ಡಡ್ಡ ನಡೆದು, ಮದುವೆ ಮನೆಯ ಮಾವನಂತೆ ಮೆಟ್ಟಿಲು ಹತ್ತಿ ವೇದಿಕೆ ಸೇರಿದ. ನನ್ನ ಪಕ್ಕದಲ್ಲಿದ್ದ ಹುಡುಗಿ ಮೊಬೈಲಿನಿಂದ ತಲೆಯೆತ್ತಿ "ಯಾರು ಬಂದದ್ದು?" ಎಂದು ಕೇಳಿದಳು.

ಹಾಲ್‌ಗಳ ವಿಷಯದಲ್ಲಿ ಇನ್ನೂ ಒಂದು ಮಾತು ಗಂಭೀರವಾದದ್ದು. ಬಾಗಿಲು. ೨೦೨೩ರ ನವೆಂಬರ್ ೨೫ರಂದು ಕೊಚ್ಚಿ ವಿಶ್ವವಿದ್ಯಾನಿಲಯದ ಬಯಲು ರಂಗಮಂದಿರದಲ್ಲಿ ಸಂಗೀತ ಕಾರ್ಯಕ್ರಮಕ್ಕೆ ಸೇರಿದ್ದ ಜನ ಮೆಟ್ಟಿಲಿನ ಬಳಿ ನೂಕುನುಗ್ಗಲಿಗೆ ಸಿಕ್ಕಿ ನಾಲ್ಕು ಮಂದಿ ಎಳೆಯರು ಪ್ರಾಣ ಕಳೆದುಕೊಂಡರು. ಜಾಗ ಚೆಂದವೋ ಅಲ್ಲವೋ ಎಂದು ನೋಡುವ ಮೊದಲು ಅಲ್ಲಿಂದ ಹೊರಹೋಗಲು ಎಷ್ಟು ದಾರಿಗಳಿವೆ ಎಂದು ನೋಡಬೇಕು. ಈ ಪರೀಕ್ಷೆಯಲ್ಲಿ ಗದ್ದೆಗೆ ನೂರಕ್ಕೆ ನೂರು ಅಂಕ: ಅದಕ್ಕೆ ಬಾಗಿಲೇ ಇಲ್ಲ.

ಕೆಟ್ಟ ಜಾಗಗಳ ಸಾಲಿನಲ್ಲಿ ಎರಡನೆಯದು ಹೆದ್ದಾರಿಯ ಬದಿ. ಅರುವತ್ತಾರನೆಯ ನಂಬ್ರದ ರಾಷ್ಟ್ರೀಯ ಹೆದ್ದಾರಿಗೆ ತಾಗಿದ ಮೈದಾನದಲ್ಲಿ ಕುಳಿತರೆ ಸೀತೆಯ ಶೋಕಕ್ಕೆ ಲಾರಿಯ ಹಾರನ್ ಶ್ರುತಿ ಕೊಡುತ್ತದೆ. ಮೂರನೆಯದು ಮೊಬೈಲಿನ ಪರದೆ. ದೂರದ ಮುಂಬಯಿಯಲ್ಲೋ ಗಲ್ಫಿನಲ್ಲೋ ಇರುವ ನಮ್ಮವರಿಗೆ ನೇರ ಪ್ರಸಾರ ಒಂದು ವರ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಎರಡು ಫರ್ಲಾಂಗು ದೂರದ ಗದ್ದೆಯಲ್ಲಿ ಆಟ ಆಗುತ್ತಿರುವಾಗ ಮನೆಯ ಸೋಫಾದಲ್ಲಿ ಅದನ್ನೇ ಮೊಬೈಲಿನಲ್ಲಿ ನೋಡುವವರನ್ನು ಕಂಡಿದ್ದೇನೆ. ಅವರಿಗೆ ಏನೆನ್ನಬೇಕು?

ಹೆಂಗಸರ ಲೆಕ್ಕವೇ ಬೇರೆ

ಇಷ್ಟು ಬರೆದು ನನ್ನ ಅತ್ತೆಗೆ ಓದಿ ಹೇಳಿದೆ. ಎಪ್ಪತ್ತೆಂಟರ ವಯಸ್ಸು, ಆಟದ ಹುಚ್ಚು ನನಗಿಂತ ಹೆಚ್ಚು. ಕೇಳಿ ಮುಗಿಸಿ, "ನೀನು ಹೇಳಿದ್ದೆಲ್ಲ ಸರಿ. ಆದರೆ ಆ ಗದ್ದೆಯಲ್ಲಿ ನಡುರಾತ್ರಿ ಒಂದಕ್ಕೆ ಹೋಗಬೇಕಾದರೆ ಎಲ್ಲಿಗೆ ಹೋಗುವುದು? ಅದನ್ನು ಬರೆದಿದ್ದೀಯಾ?" ಎಂದರು.

ಬರೆದಿರಲಿಲ್ಲ. ಬರೆಯದೆ ಬಿಟ್ಟದ್ದು ನಾಚಿಕೆಯಿಂದ. ಆ ನಾಚಿಕೆಯೇ ತಪ್ಪು. ಗದ್ದೆಯ ಆಟವನ್ನು ಹೊಗಳುವ ಲೇಖನಗಳನ್ನು ಹೆಚ್ಚಾಗಿ ಬರೆದವರು ಗಂಡಸರು. ಅವರಿಗೆ ಕತ್ತಲೂ ಹುಣಿಯೂ ಸಾಕು. ಹೆಂಗಸರು ಸಂಜೆಯಿಂದಲೇ ನೀರು ಕುಡಿಯದೆ ಬಂದು, ಬೆಳಗಿನವರೆಗೆ ತಡೆದು ಕೂರುತ್ತಾರೆ. ಇಲ್ಲವೇ ಹತ್ತು ಗಂಟೆಗೆ ಎದ್ದು ಹೋಗುತ್ತಾರೆ. ಮಂಡಿನೋವಿನವರಿಗೆ ಚಾಪೆಯಲ್ಲಿ ಕೂರುವುದಾಗುವುದಿಲ್ಲ. ಮಂಜು ಬಿದ್ದರೆ ಉಬ್ಬಸದವರಿಗೆ ಮೂರು ದಿನ ಆಸ್ಪತ್ರೆ. ಅತ್ತೆಯ ಮಾತಿನಲ್ಲಿ ಹೇಳುವುದಾದರೆ, "ಆ ದರಿದ್ರ ಹಾಲ್‌ನಲ್ಲಿ ಪದ ಕೇಳಿಸುವುದಿಲ್ಲ, ಆದರೆ ಕೂರಲಿಕ್ಕೆ ಕುರ್ಚಿ ಉಂಟು, ಪಾಯಿಖಾನೆ ಉಂಟು. ಅದಕ್ಕೇ ನಾವು ಹೋಗುವುದು." ಹಾಲ್‌ಗಳು ಗೆದ್ದದ್ದು ತಮ್ಮ ಗುಣದಿಂದಲ್ಲ, ಗದ್ದೆಯಲ್ಲಿ ನಾವು ಮಾಡಬೇಕಾದ್ದನ್ನು ಮಾಡದೆ ಇದ್ದುದರಿಂದ.

ಹತ್ತು ಗಂಟೆಯ ಗಡಿ

ಇದರೊಂದಿಗೆ ಕಾನೂನಿನ ಮಾತೂ ಇದೆ. ೨೦೦೦ನೆಯ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಜನವಸತಿಯ ಕಡೆ ರಾತ್ರಿಯ ಮಿತಿ ೪೫ ಡೆಸಿಬೆಲ್. ವರ್ಷದಲ್ಲಿ ಕೆಲವೇ ದಿನಗಳಿಗೆ ಸರಕಾರ ನಡುರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ಇದರ ಬಿಸಿ ತಟ್ಟಿ ೨೦೨೨ರಲ್ಲಿ ಕಟೀಲಿನ ಮೇಳಗಳೂ ಕಾಲಮಿತಿಯ ಆಟಕ್ಕೆ ಇಳಿದಾಗ ನಮ್ಮ ಗಡಿಯ ಈಚೆಯಲ್ಲೂ ಆಚೆಯಲ್ಲೂ ಎಷ್ಟು ಚರ್ಚೆಯಾಯಿತೆಂಬುದು ಓದುಗರ ನೆನಪಿನಲ್ಲಿದೆ.

ರಾತ್ರಿ ಮಲಗಬೇಕಾದ ರೋಗಿಗೂ ಓದಬೇಕಾದ ಮಕ್ಕಳಿಗೂ ನಿದ್ದೆಯ ಹಕ್ಕಿದೆ. ಶಿಕ್ಷಕಿಯಾಗಿ ಅದನ್ನು ನಾನು ಮರೆಯಲಾರೆ. ಆದರೆ ನಿಯಮ ತಡೆಯುವುದು ಧ್ವನಿವರ್ಧಕದ ಅಬ್ಬರವನ್ನು. ನಮ್ಮ ಆಟಕ್ಕೆ ಅದು ಅಷ್ಟು ಬೇಕೇ? ಪಡ್ರೆಯಲ್ಲಿ ಹುಟ್ಟಿ, ಕಟೀಲಿನ ಮೇಳದಲ್ಲಿ ಹಾಡಿ, ೨೦೨೩ರ ಫೆಬ್ರವರಿಯಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರ ಏರುಶ್ರುತಿಯ ಆ ತುಂಬು ಕಂಠವನ್ನು ಕೇಳಿದವರು ಹೇಳಲಿ. ಆ ಶೈಲಿ ಬೆಳೆದದ್ದೇ ಮೈಕಿಲ್ಲದ ಗದ್ದೆಯಲ್ಲಿ. ಎರಡು ಸಣ್ಣ ಪೆಟ್ಟಿಗೆಗಳನ್ನು ಕೆಳಗಿಟ್ಟು, ಪ್ರೇಕ್ಷಕರ ಕಡೆಗೆ ಮಾತ್ರ ತಿರುಗಿಸಿದರೆ ಸಾಕಾಗುವಲ್ಲಿ, ನಾವು ತೆಂಗಿನ ಮರಕ್ಕೆ ನಾಲ್ಕು ದಿಕ್ಕಿಗೂ ಹಾರನ್ ಕಟ್ಟಿ ಊರನ್ನೆಲ್ಲ ಎಬ್ಬಿಸಿ, ಆಮೇಲೆ ಪೊಲೀಸರು ಬಂದರೆಂದು ದೂರುತ್ತೇವೆ. ಚೆಂಡೆಗೆ ಮೈಕು ಹಿಡಿಯುವುದಂತೂ ಬಾವಿಗೆ ನೀರು ಹೊಯ್ದ ಹಾಗೆ.

ಗದ್ವಾಲದ ಅಜ್ಜಿಯ ಮಾತು

ಇನ್ನು ಗದ್ವಾಲದ ಮಾತು. ೧೯೫೬ರ ನವೆಂಬರ್ ಒಂದು ನಮಗೆ ಮರೆಯಲಾಗದ ದಿನ. ದಕ್ಷಿಣ ಕನ್ನಡದ ಕಾಸರಗೋಡು ತಾಲೂಕನ್ನು ಕೇರಳಕ್ಕೆ ಸೇರಿಸಿದ ಅದೇ ಕಾನೂನು, ಅದೇ ದಿನ, ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳನ್ನು ಆಂಧ್ರಪ್ರದೇಶಕ್ಕೆ ಸೇರಿಸಿತು. ಈಗ ಅದು ತೆಲಂಗಾಣ. ಕೃಷ್ಣೆ ತುಂಗಭದ್ರೆಗಳ ನಡುವಿನ ನೆಲ. ವಿದ್ವಾಂಸರನ್ನು ಸಾಕಿ 'ವಿದ್ವದ್ಗದ್ವಾಲ'ವೆಂದು ಹೆಸರಾದ ಸಂಸ್ಥಾನ. ಕೋಟೆಯೊಳಗೆ ಚೆನ್ನಕೇಶವನ ಗುಡಿ. ಅದೇ ಜಿಲ್ಲೆಯ ಉತ್ತನೂರು ಹದಿನೆಂಟನೆಯ ಶತಮಾನದ ಗೋಪಾಲದಾಸರು ಬಾಳಿದ ಊರು. ತೆಲುಗಿನ ನಡುವೆ ಕನ್ನಡದ ಹಾಡು ಅಲ್ಲಿ ಹೊಸತಲ್ಲ. ಮಕ್ತಲ, ನಾರಾಯಣಪೇಟೆಯ ಕಡೆಗಂತೂ ಇಂದಿಗೂ ಕನ್ನಡ ಮಾತಾಡುವ ಮನೆಗಳಿವೆ. ಕೃಷ್ಣಾ ಮಂಡಲದಲ್ಲಿ ನಮ್ಮಂತೆಯೇ ಕನ್ನಡ ಮಾಧ್ಯಮದ ಶಾಲೆಗಳಿವೆ.

ನಾವು ಸೀರೆಯ ಅಂಚನ್ನು ತಿರುಗ ಮುರುಗ ಮಾಡಿ ನೋಡುತ್ತಾ ನಮ್ಮ ನಮ್ಮಲ್ಲೇ ಮಾತಾಡುತ್ತಿದ್ದಾಗ, ಒಳಗಿನಿಂದ ಬಂದ ಮುದುಕಿಯೊಬ್ಬರು ಕಿವಿಗೊಟ್ಟು ಕೇಳಿ, "ಕನ್ನಡ ಮಾತಾಡಾಕತ್ತೀರಿ, ಆದ್ರ ನಮ್ಮ ಕಡಿ ಮಾತಲ್ಲ. ಯಾವೂರವ್ವ ನಿಮ್ದು?" ಎಂದರು.

"ಕಾಸರಗೋಡು ಅಜ್ಜಿ, ಕೇರಳ."

"ಕೇರಳದಾಗೂ ಕನ್ನಡ ಐತೇನು?"

"ತೆಲಂಗಾಣದಲ್ಲೂ ಉಂಟಲ್ಲ ಅಜ್ಜಿ!" ಎಂದೆ. ಬೊಚ್ಚುಬಾಯಿ ತುಂಬಾ ನಕ್ಕರು.

ಆಮೇಲೆ ಮಾತು ಎಲ್ಲೆಲ್ಲಿಗೋ ಹೋಗಿ ಆಟಕ್ಕೆ ಬಂತು. ಅವರ ತವರು ನದಿಯಾಚೆಯ ಹಳ್ಳಿ. ಸಣ್ಣವರಿದ್ದಾಗ ಸುಗ್ಗಿ ಮುಗಿದ ಮೇಲೆ ಹನುಮಂತನ ಗುಡಿಯ ಮುಂದೆ ಅಟ್ಟ ಕಟ್ಟಿ ಬೆಳತನಕ ಬಯಲಾಟ ಆಡುತ್ತಿದ್ದರಂತೆ. ಕನ್ನಡ ಬಾರದ ತೆಲುಗರೂ ಬಂದು ಕೂರುತ್ತಿದ್ದರಂತೆ. ಗುಡಿಯ ಮುಂದಿನ ಬಯಲಿನಲ್ಲಿ ಆಮೇಲೆ ಅಂಗಡಿಗಳೆದ್ದವು. ಆಟ ಒಂದೆರಡು ವರ್ಷ ಬೇರೆ ಕಡೆ ನಡೆದು ನಿಂತುಹೋಯಿತು. "ಹಾಡು ಇನ್ನೂ ಬರ್ತಾವ ತಂಗಿ, ಮನ್ಯಾಗ ನಾನೊಬ್ಬಾಕೀನ ಹಾಡ್ಕೊಂತೀನಿ. ಮೊಮ್ಮಕ್ಳಿಗಿ ತಿಳಿಯಂಗಿಲ್ಲ. ಕೂಡಿ ಕುಂದರೊ ಜಾಗಾನ ಹೋತಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮ ಕಡಿ ಆಟ ಆಡ್ತಾರಂದ್ರಿ. ಎಲ್ಲಿ ಆಡ್ತಾರ?" ಎಂದು ಕೇಳಿದರು.

ನಾನು "ಗದ್ದೆಯಲ್ಲಿ" ಎಂದು ಬಾಯಿತೆರೆದವಳು ಒಂದು ಕ್ಷಣ ತಡೆದೆ. ನಮ್ಮ ಮನೆಯ ಸುತ್ತ ನಾನು ಆಟ ನೋಡಿದ ಗದ್ದೆಗಳನ್ನು ಮನಸ್ಸಿನಲ್ಲೇ ಎಣಿಸಿದೆ. ಒಂದರಲ್ಲಿ ಅಡಿಕೆ ತೋಟವಾಗಿದೆ. ಒಂದಕ್ಕೆ ಮಣ್ಣು ತುಂಬಿ ಸೈಟು ಮಾಡಿದ್ದಾರೆ. ಇನ್ನೊಂದರಲ್ಲಿ ಈಗ ನಿಂತಿರುವುದು ನಾನು ಮೇಲೆ ಬೈದ ಹಾಲ್!

ನಮ್ಮ ಕೈಯಲ್ಲಿರುವುದು

ಕನ್ನಡದ ಶಾಲೆ, ಕನ್ನಡದ ಬೋರ್ಡು, ಕನ್ನಡದ ಅರ್ಜಿ ಎಂದು ನಾವು ಹೋರಾಡುತ್ತೇವೆ, ಹೋರಾಡಬೇಕಾದ್ದೇ. ಆದರೆ ನಾಲ್ಕು ಮನೆಮಾತಿನ ನೂರಾರು ಜನ ಒಟ್ಟಾಗಿ ಕೂತು ಒಂದು ರಾತ್ರಿಯಿಡೀ ಕನ್ನಡವನ್ನು ಸಂತೋಷದಿಂದ ಕೇಳುವ ಜಾಗವನ್ನು ಯಾವ ಸರಕಾರವೂ ನಮ್ಮಿಂದ ಕಿತ್ತುಕೊಂಡಿಲ್ಲ. ಅದನ್ನು ನಾವೇ ಮಾರುತ್ತಿದ್ದೇವೆ, ಅಥವಾ ಅನುಕೂಲಕ್ಕೆಂದು ಬಿಡುತ್ತಿದ್ದೇವೆ. ಗದ್ವಾಲದ ಅಜ್ಜಿಗೆ ಹಾಡು ಮರೆತಿಲ್ಲ. ಕೂಡಿ ಕೂರುವ ಜಾಗ ಹೋದದ್ದರಿಂದ ಆ ಹಾಡು ಮೊಮ್ಮಕ್ಕಳಿಗೆ ದಾಟಲಿಲ್ಲ.

ಆದುದರಿಂದ ಈ ಸಲ ಆಟ ಆಡಿಸುವ ಹರಕೆಯವರಲ್ಲಿ, ಸಂಘದವರಲ್ಲಿ ಕೆಲವು ವಿನಂತಿಗಳು. ಊರಿಗೊಂದು ಬಯಲನ್ನು, ಗದ್ದೆಯಾಗಲಿ ದೇವಸ್ಥಾನದ ಅಂಗಳವಾಗಲಿ ಶಾಲೆಯ ಮೈದಾನವಾಗಲಿ, ಆಟಕ್ಕೆಂದು ಉಳಿಸಿಕೊಳ್ಳಿ. ಮೇಳಕ್ಕೆ ವೀಳ್ಯ ಕೊಡುವ ದಿನವೇ ಹೆಂಗಸರಿಗೆ ಎರಡು ತಾತ್ಕಾಲಿಕ ಶೌಚಾಲಯ, ಅಲ್ಲಿಯವರೆಗೆ ಒಂದು ದೀಪ, ಒಂದು ಕೊಡ ನೀರು ಇವುಗಳ ಲೆಕ್ಕವನ್ನೂ ಬರೆಯಿರಿ. ಜನರೇಟರಿನ ಬಾಡಿಗೆಯಷ್ಟು ಅಗತ್ಯ ಅದು. ಬದಿಗಳಲ್ಲಿ ಹಿರಿಯರಿಗೆ ಎರಡು ಸಾಲು ಕುರ್ಚಿ, ನಡುವೆ ಮಕ್ಕಳಿಗೆ ಚಾಪೆ ಹಾಸಿ. ಮೈಕನ್ನು ತಗ್ಗಿಸಿ.

ಹಾಲ್ ಬಿಟ್ಟರೆ ಗತಿಯಿಲ್ಲ ಎನ್ನುವಲ್ಲಿಯೂ ಉಪಾಯವಿದೆ. ನಮ್ಮ ಸಮೀಪದ ಒಂದು ಸಂಘದವರು ಕಳೆದ ವರ್ಷ ವೇದಿಕೆಯನ್ನು ಖಾಲಿ ಬಿಟ್ಟು, ಹಾಲ್‌ನ ನಡುನೆಲದಲ್ಲೇ ರಂಗಸ್ಥಳ ಹಾಕಿ, ಮೂರು ಕಡೆ ಚಾಪೆ ಹಾಸಿ, ಹಿಂದಿನ ಗೋಡೆಗೆ ಮನೆಮನೆಯಿಂದ ತಂದ ಹಳೆಯ ಜಮಖಾನಗಳನ್ನು ತೂಗುಹಾಕಿದರು. ಎಲ್ಲ ಬಾಗಿಲುಗಳನ್ನೂ ತೆರೆದಿಟ್ಟರು. ಪ್ರತಿಧ್ವನಿ ಅರ್ಧಕ್ಕರ್ಧ ಇಳಿಯಿತು. ಅತ್ತೆ ಬೆಳಗಿನ ಮಂಗಳದವರೆಗೂ ಕೂತರು. ಪಕ್ಕದ ಮನೆಯ ನಾಲ್ಕು ವರ್ಷದ ಹುಡುಗ ಚಾಪೆಯಲ್ಲಿ ಮಲಗಿದ್ದವನು ಬಣ್ಣದ ವೇಷದ ಆರ್ಭಟಕ್ಕೆ ಎದ್ದು, ಕಣ್ಣುಜ್ಜಿಕೊಂಡು, ಎರಡು ಮಾರು ದೂರದಲ್ಲಿ ನಿಂತಿದ್ದ ರಾಕ್ಷಸನನ್ನು ಕಂಡು ಅಮ್ಮನ ಮಡಿಲಿಗೆ ಹಾರಿದ. ಮರುದಿನ ಸಂಜೆ ಅವನು ನಮ್ಮ ಜಗಲಿಗೆ ಬಂದು ಕೇಳಿದ್ದು ಒಂದೇ ಪ್ರಶ್ನೆ:

"ಟೀಚರ್, ಇವತ್ತು ಆಟ ಎಲ್ಲಿ?"